ಸೈಕಲ್ ಸವಾರಿಗೆ ದಾರಿ ಗುರುತು ಮಾಡೋದು ಹೇಗೆ? ಮೊಬೈಲ್ ಮ್ಯಾಪ್‌ನಿಂದ ಕ್ಯೂ ಶೀಟ್‌ವರೆಗೆ ಪೂರ್ತಿ ಮಾಹಿತಿ

ಮಂಡ್ಯ: ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ ಕಡೆ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಹೋಗುವ ಸೈಕಲ್ ಸವಾರರು ಈಗ ಹೊಸಬರೇನಲ್ಲ. ಮೈಸೂರು, ಬೆಂಗಳೂರಿನಿಂದ ಬರುವವರ ಜೊತೆ ನಮ್ಮ ತಾಲ್ಲೂಕುಗಳ ಯುವಕರು, ನಿವೃತ್ತರು, ಮೇಷ್ಟ್ರುಗಳೂ ಸೈಕಲ್ ಹತ್ತುತ್ತಿದ್ದಾರೆ. ಹೊರಡುವಾಗ ಬಹಳಷ್ಟು ಜನ ಮೊಬೈಲ್‌ನಲ್ಲಿ ಊರಿನ ಹೆಸರು ಟೈಪ್ ಮಾಡಿ, ಅದು ತೋರಿಸಿದ ದಾರಿ ಹಿಡಿದು ಹೋಗಿಬಿಡುತ್ತಾರೆ. ಕಾರಿಗೆ ಅಷ್ಟು ಸಾಕಾಗಬಹುದು, ಸೈಕಲ್‌ಗೆ ಸಾಲದು.

ಸೈಕಲ್‌ಗೆ ಹೋಗಲು ಅವಕಾಶವೇ ಇಲ್ಲದ ಎಕ್ಸ್‌ಪ್ರೆಸ್‌ವೇ, ತಡೆಗೋಡೆ ಇಲ್ಲದ ನಾಲೆ ಏರಿ, ಗೇಟ್ ಹಾಕಿದ ಅಣೆಕಟ್ಟೆ ರಸ್ತೆ, ಎಲ್ಲವೂ ಮ್ಯಾಪ್‌ನಲ್ಲಿ ಒಂದೇ ಥರದ ಗೆರೆಯಾಗಿ ಕಾಣುತ್ತವೆ. ಗೆರೆ ಎಳೆಯುವುದು ಸಾಫ್ಟ್‌ವೇರ್ ಕೆಲಸ. ಆ ಗೆರೆಯ ಮೇಲೆ ಸೈಕಲ್ ಹೋಗುತ್ತಾ ಇಲ್ವಾ ಅಂತ ತೀರ್ಮಾನಿಸಬೇಕಾದವರು ಸವಾರರು ಮತ್ತು ಆ ದಾರಿ ಗೊತ್ತಿರುವ ಊರಿನವರು. ಎರಡೂ ಕೂಡಿದಾಗ ಸಿಗುವುದೇ ಒಳ್ಳೆಯ ಕ್ಯೂ ಶೀಟ್.

ಕ್ಯೂ ಶೀಟ್ ಅಂದರೆ ಏನು?

ಕ್ಯೂ ಶೀಟ್ ಅಂದರೆ ದಾರಿಚೀಟಿ. ಹೊರಟ ಜಾಗದಿಂದ ಎಷ್ಟು ಕಿ.ಮೀ. ಆದ ಮೇಲೆ ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಎಲ್ಲಿ ನೀರು, ಎಲ್ಲಿ ಎಚ್ಚರಿಕೆ ಅಂತ ಸಾಲು ಸಾಲಾಗಿ ಬರೆದ ಒಂದು ಹಾಳೆ. ಹ್ಯಾಂಡಲ್‌ಗೆ ಕ್ಲಿಪ್ ಹಾಕಿ ಸಿಕ್ಕಿಸಿಕೊಂಡರೆ ಸೈಕಲ್ ನಿಲ್ಲಿಸದೆ ಒಂದು ನೋಟದಲ್ಲಿ ಓದಬಹುದು.

ಇದು ಹೆಚ್ಚು ಬಳಕೆಯಲ್ಲಿರುವುದು ದೂರದ ಸವಾರಿ ಮಾಡುವವರಲ್ಲಿ. ಫ್ರಾನ್ಸ್‌ನ ಔಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಎಂಬ ಸಂಸ್ಥೆಯ ನಿಯಮದಂತೆ ಜಗತ್ತಿನಾದ್ಯಂತ 'ಬ್ರೆವೆ' ಎಂಬ ಸವಾರಿಗಳು ನಡೆಯುತ್ತವೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಗಡುವು. ಇದು ರೇಸ್ ಅಲ್ಲ, ಯಾರಿಗೂ ಬಹುಮಾನ ಇಲ್ಲ. ಗಡುವಿನೊಳಗೆ, ಹೇಳಿದ ದಾರಿಯಲ್ಲೇ ಹೋಗಿ ಮುಗಿಸಬೇಕು, ಅಷ್ಟೇ. ಭಾರತದಲ್ಲಿ ಔಡಾಕ್ಸ್ ಇಂಡಿಯಾ ರ‍್ಯಾಂಡನಿಯರ್ಸ್ ಹೆಸರಿನಲ್ಲಿ ಈ ಸವಾರಿಗಳು ನಡೆಯುತ್ತವೆ, ಬೆಂಗಳೂರು, ಮೈಸೂರಿನ ಸವಾರರೂ ಭಾಗವಹಿಸುತ್ತಾರೆ.

ಅಂಥ ಸವಾರಿಯಲ್ಲಿ ತಿರುವು ತಪ್ಪಿದರೆ ನಷ್ಟ ಎಷ್ಟು? ತಿರುವು ತಪ್ಪಿ 3 ಕಿ.ಮೀ. ಮುಂದೆ ಹೋದ ಮೇಲೆ ಗೊತ್ತಾಯ್ತು ಅಂದುಕೊಳ್ಳಿ. ವಾಪಸ್ ಬರಲು ಇನ್ನು 3. ಒಟ್ಟು 6 ಕಿ.ಮೀ. ಗಂಟೆಗೆ 15 ಕಿ.ಮೀ. ವೇಗದಲ್ಲಿ 24 ನಿಮಿಷ ವ್ಯರ್ಥ. ಬೇಸಿಗೆಯ ಬಿಸಿಲಲ್ಲಿ, ಬಾಟಲಿಯಲ್ಲಿ ನೀರು ಮುಗಿದಿರುವಾಗ, ಅಥವಾ ಕತ್ತಲಾಗುವ ಹೊತ್ತಲ್ಲಿ ಈ 24 ನಿಮಿಷ ದೊಡ್ಡದು.

ಸಾಫ್ಟ್‌ವೇರ್‌ಗೆ ದಾರಿ ಗೊತ್ತಾಗೋದು ಹೇಗೆ?

ಮ್ಯಾಪ್ ಸಾಫ್ಟ್‌ವೇರ್ ಒಳಗೆ ಪ್ರತಿ ರಸ್ತೆಯೂ ಒಂದು ಗೆರೆ. ಗೆರೆಗೆ ಕೆಲವು ಗುರುತು ಅಂಟಿಸಿರುತ್ತಾರೆ: ಇದು ಹೆದ್ದಾರಿಯಾ, ಹಳ್ಳಿ ರಸ್ತೆಯಾ, ಬಂಡಿ ದಾರಿಯಾ, ಡಾಂಬರಾ, ಮಣ್ಣಾ, ಒಮ್ಮುಖ ಸಂಚಾರವಾ, ಸೈಕಲ್‌ಗೆ ಅವಕಾಶ ಇದೆಯಾ. 'ಸೈಕಲ್' ಅಂತ ಆಯ್ಕೆ ಮಾಡಿದರೆ ಸಾಫ್ಟ್‌ವೇರ್ ಪ್ರತಿ ಗೆರೆಗೂ ಒಂದು ಲೆಕ್ಕ ಕಟ್ಟುತ್ತೆ. ಹೆದ್ದಾರಿ ಅಂದರೆ ಲೆಕ್ಕ ಜಾಸ್ತಿ, ಸಣ್ಣ ರಸ್ತೆ ಅಂದರೆ ಕಡಿಮೆ. ಎಲ್ಲ ಕೂಡಿಸಿ ಯಾವುದು ಕಡಿಮೆ ಬರುತ್ತೋ ಆ ದಾರಿ ತೋರಿಸುತ್ತೆ.

ಹಾಗಾಗಿ ಗುರುತು ಸರಿಯಿದ್ದರೆ ದಾರಿಯೂ ಸರಿ. ಗುರುತೇ ಹಾಕಿಲ್ಲದಿದ್ದರೆ ಸಾಫ್ಟ್‌ವೇರ್ ಊಹೆ ಮಾಡುತ್ತೆ. ನಗರದ ರಸ್ತೆಗಳಿಗೆ ಗುರುತು ಹಾಕಿದವರು ಬಹಳ ಜನ ಇರುತ್ತಾರೆ. ಹಳ್ಳಿ ರಸ್ತೆಗೆ ಬಂದಾಗ ಉಪಗ್ರಹದ ಚಿತ್ರ ನೋಡಿ, ದೂರದಲ್ಲಿ ಕೂತವರು ಎಳೆದ ಗೆರೆಗಳೇ ಹೆಚ್ಚು. ಮೇಲಿನಿಂದ ನೋಡಿದರೆ ನಾಲೆ ಏರಿಯೂ ರಸ್ತೆಯ ಹಾಗೇ ಕಾಣುತ್ತೆ.

ಯಾವ ಆ್ಯಪ್, ಯಾವುದಕ್ಕೆ?

ಗೂಗಲ್ ಮ್ಯಾಪ್ಸ್: ಎಲ್ಲರ ಮೊಬೈಲ್‌ನಲ್ಲೂ ಇದೆ. ಅಂಗಡಿ, ಹೋಟೆಲ್ ಹುಡುಕಲು, ಉಪಗ್ರಹ ಚಿತ್ರ ನೋಡಲು ಉಪಯೋಗ. 2017ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಬಂದ ಇದರ 'ಟೂ ವೀಲರ್' ಆಯ್ಕೆ ಬೈಕ್, ಸ್ಕೂಟರ್‌ಗಾಗಿ ಮಾಡಿದ್ದು. ಸೈಕಲ್‌ಗೂ ಅದೇ ನಡೆಯುತ್ತೆ ಅಂತ ತಿಳಿಯಬೇಡಿ.

ಓಪನ್‌ಸ್ಟ್ರೀಟ್‌ಮ್ಯಾಪ್: 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ, ಸಾರ್ವಜನಿಕರೇ ತುಂಬುವ ನಕ್ಷೆ. ಯಾರು ಬೇಕಾದರೂ ಉಚಿತವಾಗಿ ಖಾತೆ ತೆರೆದು ತಮ್ಮೂರ ರಸ್ತೆ ತಿದ್ದಬಹುದು. ಸ್ಥಳದ ಹೆಸರನ್ನು ಕನ್ನಡದಲ್ಲಿ ಸೇರಿಸಲು ಪ್ರತ್ಯೇಕ ಜಾಗವೇ ಇದೆ. ಸೈಕಲ್ ಸವಾರರು ಬಳಸುವ ಹೆಚ್ಚಿನ ಆ್ಯಪ್‌ಗಳ ಬುಡದಲ್ಲಿ ಇರುವುದು ಇದೇ ನಕ್ಷೆ.

ಬಿರೌಟರ್: ಕಂಪ್ಯೂಟರ್ ಬ್ರೌಸರ್‌ನಲ್ಲೇ ತೆರೆಯುವ ಉಚಿತ ಸಾಫ್ಟ್‌ವೇರ್. ಎಲ್ಲಿಂದ, ಎಲ್ಲಿಗೆ, ನಡುವೆ ಯಾವ ಊರು ಅಂತ ಕ್ಲಿಕ್ ಮಾಡಿದರೆ ದಾರಿ, ದೂರ, ಏರಿಳಿತ ತೋರಿಸುತ್ತೆ. 'ಇಲ್ಲಿ ಹೋಗಬೇಡ' ಅಂತ ಒಂದು ಜಾಗಕ್ಕೆ ಸುತ್ತು ಹಾಕಿದರೆ ಅದನ್ನು ಬಿಟ್ಟು ಬೇರೆ ದಾರಿ ಹುಡುಕುತ್ತೆ.

ರೈಡ್ ವಿತ್ ಜಿಪಿಎಸ್: ದಾರಿ ಹಾಕುತ್ತಿದ್ದ ಹಾಗೆ ಪಕ್ಕದಲ್ಲೇ ಕ್ಯೂ ಶೀಟ್ ತಾನಾಗಿ ತಯಾರಾಗುತ್ತೆ. ಕೆಲವು ಸೌಲಭ್ಯಕ್ಕೆ ಹಣ ಕಟ್ಟಬೇಕು. ಜರ್ಮನಿಯ ಕೊಮೂಟ್ ಆ್ಯಪ್ ದಾರಿಯಲ್ಲಿ ಎಷ್ಟು ಡಾಂಬರು, ಎಷ್ಟು ಮಣ್ಣು ಅಂತ ಬಿಡಿಸಿ ತೋರಿಸುತ್ತೆ.

ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್: ಮೊಬೈಲ್‌ಗೆ ನಕ್ಷೆ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದೆಯೂ ಬಳಸಬಹುದಾದ ಆ್ಯಪ್‌ಗಳು.

ಒಂದರಲ್ಲಿ ಹಾಕಿದ ದಾರಿಯನ್ನು ಇನ್ನೊಂದಕ್ಕೆ ಸಾಗಿಸಲು ಜಿಪಿಎಕ್ಸ್ ಎಂಬ ಫೈಲ್ ಬೇಕು. ಕಂಪ್ಯೂಟರ್‌ನಲ್ಲಿ ದಾರಿ ಹಾಕಿ, ಜಿಪಿಎಕ್ಸ್ ಆಗಿ ಉಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯರಿಗೆ ಕಳಿಸಿದರೆ ಎಲ್ಲರ ಮೊಬೈಲ್‌ನಲ್ಲೂ ಅದೇ ಗೆರೆ ಬರುತ್ತೆ. ಟಿಸಿಎಕ್ಸ್ ಎಂಬ ಇನ್ನೊಂದು ಫೈಲ್‌ನಲ್ಲಿ ಗೆರೆಯ ಜೊತೆ ತಿರುವಿನ ಸೂಚನೆಯೂ ಹೋಗುತ್ತೆ. ಸೈಕಲ್‌ಗೆ ಕೂರಿಸುವ ಜಿಪಿಎಸ್ ಉಪಕರಣ ಇದ್ದವರಿಗೆ ಅದು ಅನುಕೂಲ.

ಉದಾಹರಣೆಗೆ: ಶ್ರೀರಂಗಪಟ್ಟಣದಿಂದ ಮೇಲುಕೋಟೆ

ಶ್ರೀರಂಗಪಟ್ಟಣದಿಂದ ಕಿರಂಗೂರು, ಪಾಂಡವಪುರ, ಜಕ್ಕನಹಳ್ಳಿ ಮೂಲಕ ಮೇಲುಕೋಟೆಗೆ ಸುಮಾರು 35 ಕಿ.ಮೀ. ಹೋಗಿ ಬಂದರೆ 70. ಹೊಸಬರಿಗೆ ಒಂದು ದಿನದ ಒಳ್ಳೆಯ ಸವಾರಿ. ಈ ದಾರಿಯನ್ನು ಸಾಫ್ಟ್‌ವೇರ್‌ನಲ್ಲಿ ಹಾಕುವಾಗ ಏನೇನು ನೋಡಬೇಕು?

ಮೊದಲನೆಯದು, ಎಕ್ಸ್‌ಪ್ರೆಸ್‌ವೇ. ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಮತ್ತು ಮೋಟಾರು ಇಲ್ಲದ ವಾಹನಗಳಿಗೆ ನಿಷೇಧ ಇದೆ. ಮೋಟಾರು ಇಲ್ಲದ ವಾಹನ ಅಂದರೆ ಸೈಕಲ್ಲೂ ಸೇರಿತು. ಮೈಸೂರು, ಮಂಡ್ಯ, ಮದ್ದೂರು ಕಡೆಯಿಂದ ಬರುವವರು ಸರ್ವೀಸ್ ರಸ್ತೆಯಲ್ಲೇ ಬರಬೇಕು. ಮ್ಯಾಪ್‌ನಲ್ಲಿ ಮುಖ್ಯ ಪಥ, ಸರ್ವೀಸ್ ರಸ್ತೆ ಎರಡೂ ಅಕ್ಕಪಕ್ಕ ಒತ್ತಾಗಿ ಇರುತ್ತವೆ. ನಿಮ್ಮ ಗೆರೆ ಯಾವುದರ ಮೇಲೆ ಕೂತಿದೆ ಅಂತ ಪೂರ್ತಿ ಝೂಮ್ ಮಾಡಿ ನೋಡಿ. ತಪ್ಪು ಪಥದ ಮೇಲೆ ಕೂತಿದ್ದರೆ ಗೆರೆಯನ್ನು ಬೆರಳಲ್ಲಿ ಎಳೆದು ಸರ್ವೀಸ್ ರಸ್ತೆಗೆ ಹಾಕಬೇಕು. ಸರ್ವೀಸ್ ರಸ್ತೆ ಎಲ್ಲಿ ತುಂಡಾಗುತ್ತೆ, ಎಲ್ಲಿ ಅಂಡರ್‌ಪಾಸ್ ಹಿಡಿದು ಆಚೆ ಹೋಗಬೇಕು ಅನ್ನೋದನ್ನು ಕ್ಯೂ ಶೀಟ್‌ನಲ್ಲಿ ಬರೆದುಕೊಳ್ಳಿ.

ಎರಡನೆಯದು, ನಾಲೆ ಏರಿ. ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಹರಡಿವೆ. ಏರಿ ಮೇಲಿನ ದಾರಿ ಸಮತಟ್ಟು, ವಾಹನ ಕಡಿಮೆ, ನೆರಳೂ ಉಂಟು. ಸೈಕಲ್ ಆಯ್ಕೆ ಮಾಡಿದ ಸಾಫ್ಟ್‌ವೇರ್‌ಗೆ ಇಷ್ಟ ಆಗುವುದೂ ಇಂಥ ದಾರಿಯೇ. ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ, ತಿರುವು ಇಕ್ಕಟ್ಟು, ರಾತ್ರಿ ದೀಪ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ ವಿ.ಸಿ. ನಾಲೆಗೆ ಉರುಳಿ, ಶಾಲಾ ಮಕ್ಕಳೂ ಸೇರಿ 30 ಜನ ಪ್ರಾಣ ಕಳೆದುಕೊಂಡಿದ್ದನ್ನು ಜಿಲ್ಲೆ ಮರೆತಿಲ್ಲ. ನೀರು ಬಿಟ್ಟಿರುವ ನಾಲೆಗೆ ಬಿದ್ದರೆ ಈಜು ಬಂದರೂ ಹತ್ತಿ ಬರೋದು ಕಷ್ಟ. ಹಗಲಲ್ಲಿ, ದಾರಿ ಗೊತ್ತಿದ್ದವರ ಜೊತೆ ಹೋಗೋದು ಬೇರೆ ಮಾತು. ಹೊಸಬರು, ಕತ್ತಲಲ್ಲಿ ಹೋಗುವವರು ಏರಿ ದಾರಿಯನ್ನು ಮ್ಯಾಪ್‌ನಿಂದಲೇ ತೆಗೆದುಹಾಕಿ. ನಾಲ್ಕು ಕಿ.ಮೀ. ಸುತ್ತಾದರೂ ಡಾಂಬರು ರಸ್ತೆ ಇರಲಿ.

ಮೂರನೆಯದು, ಮುಚ್ಚಿದ ದಾರಿ. ಕೆಆರ್‌ಎಸ್ ಕಡೆಗೂ ಸವಾರಿ ಹಾಕುವವರಿದ್ದಾರೆ. ಅಣೆಕಟ್ಟೆ ಮೇಲಿನ ದಾರಿ ನಕ್ಷೆಯಲ್ಲಿ ಕಂಡರೂ ಅಲ್ಲಿ ಸಾರ್ವಜನಿಕರ ಓಡಾಟಕ್ಕೆ ಅವಕಾಶ ಇಲ್ಲ. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನದಿ ದಂಡೆಯ ತಗ್ಗು ದಾರಿ, ಕಿರುಸೇತುವೆಗಳು ಮುಳುಗುತ್ತವೆ. ಸಾಫ್ಟ್‌ವೇರ್‌ಗೆ ಇದು ಗೊತ್ತಾಗಲ್ಲ. ಹಿಂದಿನ ದಿನ ಆ ಊರಿನ ಯಾರಿಗಾದರೂ ಒಂದು ಫೋನ್ ಮಾಡಿ ಕೇಳೋದೇ ದಾರಿ.

ನಾಲ್ಕನೆಯದು, ಏರು. ಪಾಂಡವಪುರದವರೆಗೆ ದೊಡ್ಡ ಏರಿಲ್ಲ. ಜಕ್ಕನಹಳ್ಳಿಯಲ್ಲಿ ಎಡಕ್ಕೆ ತಿರುಗಿದ ಮೇಲೆ ಮೇಲುಕೋಟೆ ಬೆಟ್ಟದ ಏರು ಶುರು. ಸಾಫ್ಟ್‌ವೇರ್ ಕೆಳಗಡೆ ತೋರಿಸುವ ಏರಿಳಿತದ ಚಿತ್ರದಲ್ಲಿ ಒಟ್ಟು ಎಷ್ಟು ಮೀಟರ್ ಹತ್ತಬೇಕು ಅನ್ನೋದಕ್ಕಿಂತ, ಆ ಏರು ಎಲ್ಲಿ ಬರುತ್ತೆ ಅನ್ನೋದನ್ನು ನೋಡಿ. 1 ಕಿ.ಮೀ. ದೂರಕ್ಕೆ 50 ಮೀಟರ್ ಹತ್ತಿದರೆ ಅದು ಶೇ 5ರ ಏರು. ಗೇರ್ ಇಲ್ಲದ ಸೈಕಲ್‌ನಲ್ಲಿ ಇಷ್ಟಕ್ಕೇ ಬಹಳ ಜನ ಇಳಿದು ತಳ್ಳುತ್ತಾರೆ. 33 ಕಿ.ಮೀ. ತುಳಿದ ಕಾಲಿಗೆ ಕೊನೆಗೆ ಏರು ಬಂದರೆ ಅದಕ್ಕೆ ಮೊದಲೇ ನೀರು, ತಿಂಡಿಗೆ ನಿಲ್ಲಬೇಕು.

ಎತ್ತರದ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬಾರದು. ಎಷ್ಟೋ ಆ್ಯಪ್‌ಗಳು ಬಳಸುವುದು 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಬಾಹ್ಯಾಕಾಶದಿಂದ ರಾಡಾರ್ ಹಿಡಿದು ಅಳೆದ ಅಂಕಿಗಳನ್ನು. ಸುಮಾರು 30 ಮೀಟರ್‌ಗೆ ಒಂದು ಅಳತೆ. ದಟ್ಟ ಮರಗಳಿರುವ ಕಡೆ ಅದು ನೆಲಕ್ಕಿಂತ ಮೇಲಿನ ಎತ್ತರ ತೋರಿಸಬಹುದು, ಸೇತುವೆ ಇರುವ ಕಡೆ ಹಳ್ಳದ ಆಳ ತೋರಿಸಬಹುದು. ಚಿತ್ರದಲ್ಲಿ ಚೂಪಾಗಿ ಎದ್ದ ಸಣ್ಣ ಗುಬ್ಬಿಗೆ ಹೆದರಬೇಡಿ, ಉದ್ದಕ್ಕೆ ಎದ್ದ ಏರನ್ನು ಬಿಡಬೇಡಿ. ಅನುಮಾನ ಇದ್ದರೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ನೋಡಬಹುದು. ಅದರಲ್ಲಿ 20 ಮೀಟರ್‌ಗೊಂದು ಎತ್ತರದ ಗೆರೆ ಇರುತ್ತೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು ಅಂತ ಅರ್ಥ.

ಐದನೆಯದು, ಕಾಲ. ಕಬ್ಬು ಅರೆಯುವ ದಿನಗಳಲ್ಲಿ ಕಾರ್ಖಾನೆ ದಾರಿಯಲ್ಲಿ ಲೋಡ್ ತುಂಬಿದ ಟ್ರ್ಯಾಕ್ಟರ್, ಎತ್ತಿನ ಗಾಡಿ ಸಾಲುಗಟ್ಟುತ್ತವೆ. ಹಿಂಬದಿ ದೀಪ ಇರುತ್ತೆ ಅಂತ ಹೇಳಕ್ಕಾಗಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಗೇ ಹಾಸಿ ಒಕ್ಕಣೆ ಮಾಡುತ್ತಾರೆ. ಹುರುಳಿ ಬಳ್ಳಿ ಸೈಕಲ್ ಚೈನ್‌ಗೆ ಸಿಕ್ಕರೆ ಬೀಳೋದು ಖಂಡಿತ. ಮೇಲುಕೋಟೆಯ ವೈರಮುಡಿ ಉತ್ಸವ ಮಾರ್ಚ್–ಏಪ್ರಿಲ್ ಸುಮಾರಿಗೆ ಬರುತ್ತೆ. ಆಗ ಬೆಟ್ಟದ ರಸ್ತೆ ತುಂಬ ಬಸ್ಸು, ಜನ. ಆ ದಿನ ಸೈಕಲ್ ಸವಾರಿ ಇಟ್ಟುಕೊಳ್ಳದಿದ್ದರೆ ಒಳ್ಳೇದು.

ಕ್ಯೂ ಶೀಟ್ ಬರೆಯೋದು ಹೀಗೆ

ಸಾಫ್ಟ್‌ವೇರ್ ತಾನಾಗಿ ಕೊಡುವ ಪಟ್ಟಿಯನ್ನು ಹಾಗೇ ಪ್ರಿಂಟ್ ತೆಗೆದರೆ ಪ್ರಯೋಜನ ಕಡಿಮೆ. ರಸ್ತೆ ಸ್ವಲ್ಪ ಬಾಗಿದ ಕಡೆಯೆಲ್ಲ 'ಎಡಕ್ಕೆ ತಿರುಗಿ' ಅಂತ ಬರೆದಿರುತ್ತೆ. 'ಹೆಸರಿಲ್ಲದ ರಸ್ತೆ' ಅಂತ ಹತ್ತು ಸಲ ಬಂದಿರುತ್ತೆ. ಹಳ್ಳಿ ಕಡೆ ರಸ್ತೆಗೆ ಹೆಸರೇ ಇರಲ್ಲ, ಜನ ಗುರುತಿಸೋದು ಬೇರೆ ರೀತಿ. ಹಾಗಾಗಿ ಮೊದಲು ಬೇಡದ ಸಾಲು ತೆಗೆಯಿರಿ. ಆಮೇಲೆ ಉಳಿದ ಪ್ರತಿ ಸಾಲಿಗೂ ಕಣ್ಣಿಗೆ ಕಾಣುವ ಒಂದು ಗುರುತು ಸೇರಿಸಿ.

ನಾಲ್ಕು ಕಾಲಂ ಸಾಕು: ಒಟ್ಟು ದೂರ, ಹಿಂದಿನ ಗುರುತಿನಿಂದ ದೂರ, ಏನು ಮಾಡಬೇಕು, ಏನು ಕಾಣುತ್ತೆ. ನಮೂನೆ ಹೀಗಿರಲಿ (ಅಂಕಿಗಳು ಮಾದರಿಗೆ ಮಾತ್ರ):

11.2 | 3.4 | ಎಡ | ರಸ್ತೆ ಮುಗಿಯುತ್ತೆ, ಎದುರಿಗೆ ಹಾಲಿನ ಡೈರಿ
11.9 | 0.7 | ನೇರ | ನಾಲ್ಕು ರಸ್ತೆ. ಬಲಕ್ಕೆ ದೊಡ್ಡ ರಸ್ತೆ ಕಾಣುತ್ತೆ, ಹೋಗಬೇಡಿ
16.5 | 4.6 | ಎಚ್ಚರ | ಇಳಿಜಾರಿನ ಕೊನೆಗೆ ಕಿರಿದಾದ ನಾಲೆ ಸೇತುವೆ
18.0 | 1.5 | ಬಲ | ಅರಳಿಕಟ್ಟೆ ದಾಟಿದ ಕೂಡಲೇ; ಶಾಲೆ ಕಂಡರೆ ಮುಂದೆ ಬಂದಿದ್ದೀರಿ, ವಾಪಸ್ ತಿರುಗಿ
18.3 | 0.3 | ನಿಲ್ಲಿ | ಹೋಟೆಲ್, ಶುದ್ಧ ಕುಡಿಯುವ ನೀರಿನ ಘಟಕ (ನಾಣ್ಯ ಬೇಕು)

ಎರಡನೇ ಕಾಲಂ ಏಕೆ ಬೇಕು ಅಂದರೆ, ಸೈಕಲ್‌ನ ಮೀಟರ್ ಮತ್ತು ಮ್ಯಾಪ್‌ನ ದೂರ ಯಾವತ್ತೂ ಪೂರ್ತಿ ಹೊಂದಿಕೊಳ್ಳಲ್ಲ. ಮೀಟರ್‌ಗೆ ಚಕ್ರದ ಸುತ್ತಳತೆ ಕೊಡುವಾಗ ಶೇ 1ರಷ್ಟು ವ್ಯತ್ಯಾಸ ಆದರೂ 70 ಕಿ.ಮೀ.ಗೆ 700 ಮೀಟರ್ ತಪ್ಪುತ್ತೆ. ಟೀ ಕುಡಿಯಲು ಆಚೀಚೆ ಹೋದರೆ ಅದೂ ಸೇರುತ್ತೆ. ಹಿಂದಿನ ಗುರುತಿನಿಂದ ಎಷ್ಟು ಅಂತ ಗೊತ್ತಿದ್ದರೆ ಪ್ರತಿ ತಿರುವಿನಲ್ಲೂ ಹೊಸದಾಗಿ ಎಣಿಸಿಕೊಂಡು ಹೋಗಬಹುದು.

ಗುರುತು ಆರಿಸುವಾಗ ನೆನಪಿಡಿ: ಇವತ್ತು ಇದ್ದು ನಾಳೆ ಇಲ್ಲದ್ದು ಬೇಡ. ಫ್ಲೆಕ್ಸ್ ಬ್ಯಾನರ್, ಎಳನೀರು ಗಾಡಿ, ಕಬ್ಬಿನ ಕಾಲದಲ್ಲಿ ಮಾತ್ರ ಹೊಗೆ ಕಾಣುವ ಆಲೆಮನೆ, ಇವು ಗುರುತಿಗೆ ಆಗಲ್ಲ. ದೇವಸ್ಥಾನದ ಕಮಾನು, ಓವರ್‌ಹೆಡ್ ಟ್ಯಾಂಕ್, ಹಾಲಿನ ಡೈರಿ, ಶಾಲೆ, ಪೆಟ್ರೋಲ್ ಬಂಕ್, ರೈಲ್ವೆ ಗೇಟ್ ಆದರೆ ಸರಿ. ನಮ್ಮ ಕಡೆ ಮುಖ್ಯರಸ್ತೆಯಿಂದ ಊರಿಗೆ ತಿರುಗುವ ಜಾಗಕ್ಕೂ 'ಗೇಟ್' ಅಂತಾರೆ. ಅಲ್ಲಿ ಗೇಟೂ ಇರಲ್ಲ, ಕಂಬವೂ ಇರಲ್ಲ. ಹೊರಗಿನಿಂದ ಬಂದವರು ರೈಲ್ವೆ ಗೇಟ್ ಹುಡುಕುತ್ತಾ ಮುಂದೆ ಹೋಗಿಬಿಡುತ್ತಾರೆ. ಹಾಗಾಗಿ 'ಗೇಟ್, ಅಂದರೆ ಬಸ್ ನಿಲ್ಲುವ ಜಾಗ' ಅಂತ ಬಿಡಿಸಿ ಬರೆಯಿರಿ.

ಒಂದೇ ಹೆಸರಿನ ಊರು ಇನ್ನೊಂದು ತೊಂದರೆ. ಹೊಸಹಳ್ಳಿ, ಚಿಕ್ಕನಹಳ್ಳಿ, ಹೊಸೂರು ಅಂತ ತಾಲ್ಲೂಕಿಗೆ ಒಂದೆರಡು ಸಿಗುತ್ತವೆ. ಮ್ಯಾಪ್‌ನಲ್ಲಿ ಹುಡುಕಿದರೆ ಮೊದಲು ಬಂದದ್ದು ನಿಮಗೆ ಬೇಕಾದ ಊರೇ ಅಂತ ತಿಳಿಯಬೇಡಿ. ಪಕ್ಕದ ಊರು, ಹೋಬಳಿ ನೋಡಿ ಖಚಿತ ಮಾಡಿಕೊಳ್ಳಿ.

ಅಕ್ಷರ ದೊಡ್ಡದಿರಲಿ, ಒಂದು ಪುಟಕ್ಕೆ 20 ಸಾಲಿಗಿಂತ ಹೆಚ್ಚು ಬೇಡ. ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ. ಬೆವರು, ಮಳೆ ಎರಡರಿಂದಲೂ ಉಳಿಯುತ್ತೆ. ಪ್ರಿಂಟರ್ ಇಲ್ಲದಿದ್ದರೆ ಕೈಯಲ್ಲಿ ಬರೆದರೂ ಆಯ್ತು.

ಮೊಬೈಲ್ ಇರುವಾಗ ಕಾಗದ ಯಾಕೆ?

ಜಿಪಿಎಸ್‌ಗೆ ಸಿಮ್ ಬೇಕು, ನೆಟ್ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಜಿಪಿಎಸ್ ಸಂಕೇತ ಬರೋದು ನೇರ ಉಪಗ್ರಹದಿಂದ. ನೆಟ್‌ವರ್ಕ್ ಹೋದರೂ ನೀವು ಎಲ್ಲಿದ್ದೀರಿ ಅಂತ ಮೊಬೈಲ್‌ಗೆ ಗೊತ್ತಿರುತ್ತೆ. ಆದರೆ ತೋರಿಸಲು ನಕ್ಷೆ ಇರಲ್ಲ, ಖಾಲಿ ಪರದೆ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ. ಅದಕ್ಕೇ ಮನೆಯಲ್ಲಿ ವೈಫೈ ಇರುವಾಗಲೇ ಜಿಲ್ಲೆಯ ನಕ್ಷೆ ಇಳಿಸಿಕೊಂಡಿರಬೇಕು.

ಇನ್ನು ಬ್ಯಾಟರಿ. ಪರದೆ ಹೊತ್ತಿಸಿಕೊಂಡೇ ದಾರಿ ನೋಡುತ್ತಾ ಹೋದರೆ ಮಧ್ಯಾಹ್ನದೊಳಗೆ ಎಷ್ಟೋ ಮೊಬೈಲ್ ಸತ್ತುಹೋಗುತ್ತವೆ. ಅಪಘಾತ ಆದಾಗ ಫೋನ್ ಮಾಡಲೂ ಆಗಲ್ಲ. ದಾರಿಗೆ ಕಾಗದ, ಅನುಮಾನ ಬಂದಾಗ ಒಂದು ನಿಮಿಷ ಮೊಬೈಲ್, ಉಳಿದ ಬ್ಯಾಟರಿ ತುರ್ತಿಗೆ ಅಂತ ಇಟ್ಟುಕೊಳ್ಳೋದು ಜಾಣತನ. ಕ್ಯೂ ಶೀಟ್‌ನ ಕೆಳಗೆ ಈ ನಂಬರ್ ಬರೆದಿರಲಿ: ತುರ್ತು ಸಹಾಯ ಮತ್ತು ಪೊಲೀಸ್ 112, ಆಂಬ್ಯುಲೆನ್ಸ್ 108, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033. ಜೊತೆಗೆ ಮನೆಯವರ ಒಂದು ನಂಬರ್. ಹಾಳೆಯ ಇನ್ನೊಂದು ಪ್ರತಿ ಮನೆಯಲ್ಲಿರಲಿ. ಹೊತ್ತಿಗೆ ಸರಿಯಾಗಿ ಬರದಿದ್ದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ಗೊತ್ತಾಗುತ್ತೆ.

ಅಂಗಡಿಯವರಿಗೆ ಇದರಿಂದ ಏನು?

70 ಕಿ.ಮೀ. ತುಳಿಯುವ ಸವಾರ ದಾರಿಯಲ್ಲಿ ಎರಡು ಮೂರು ಕಡೆ ನಿಲ್ಲಲೇಬೇಕು. ನೀರು, ಬಾಳೆಹಣ್ಣು, ಇಡ್ಲಿ, ಕಾಫಿ, ಒಮ್ಮೊಮ್ಮೆ ಪಂಕ್ಚರ್. ಎಲ್ಲಿ ನಿಲ್ಲಬೇಕು ಅಂತ ಹಿಂದಿನ ರಾತ್ರಿಯೇ ಮ್ಯಾಪ್ ನೋಡಿ ತೀರ್ಮಾನ ಮಾಡಿರುತ್ತಾರೆ. ಮ್ಯಾಪ್‌ನಲ್ಲಿ ಇಲ್ಲದ ಅಂಗಡಿ ಕ್ಯೂ ಶೀಟ್‌ಗೂ ಬರಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿ ಸೇರಿಸಲು ಹಣ ಕೊಡಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಉಚಿತ. ಎರಡರಲ್ಲೂ ಮುಖ್ಯವಾಗಿ ಮೂರು ವಿಷಯ ಸರಿಯಾಗಿರಲಿ: ಅಂಗಡಿ ಇರುವ ಜಾಗ (ರಸ್ತೆಯ ಯಾವ ಬದಿ ಅನ್ನೋದೂ ಸೇರಿ), ಬಾಗಿಲು ತೆಗೆಯುವ ಹೊತ್ತು, ವಾರದ ರಜೆ. ಬೆಳಿಗ್ಗೆ 6ಕ್ಕೇ ತೆಗೆಯುವ ಹೋಟೆಲ್ ಆದರೆ ಅದನ್ನು ಬರೆಯಿರಿ, ಸವಾರರು ಮೊದಲು ನೋಡುವುದು ಅದನ್ನೇ. ಸೈಕಲ್ ಪಂಕ್ಚರ್ ಹಾಕುವವರು 'ಸೈಕಲ್' ಅಂತ ಸ್ಪಷ್ಟವಾಗಿ ಹಾಕಬೇಕು. ಇಲ್ಲದಿದ್ದರೆ ಲಾರಿ ಟೈರ್ ಅಂಗಡಿ ಅಂದುಕೊಂಡು ಮುಂದೆ ಹೋಗುತ್ತಾರೆ. ಅಂಗಡಿ ಮುಚ್ಚಿದ್ದರೆ, ಬೇರೆ ಕಡೆ ಹೋಗಿದ್ದರೆ ಅದನ್ನೂ ತಿದ್ದಿಸಿ. ನೀರಿಗಾಗಿ ಲೆಕ್ಕ ಹಾಕಿಕೊಂಡು ಬಂದವರು ಮುಚ್ಚಿದ ಬಾಗಿಲ ಮುಂದೆ ನಿಲ್ಲೋ ಹಾಗಾಗಬಾರದು.

ಬ್ರೆವೆ ಸವಾರಿಯವರು ರಾತ್ರಿ ಹೊತ್ತು ಬಂದು ಒಂದು ಬಾಟಲಿ ನೀರು ತಗೊಂಡು ಬಿಲ್ ಕೇಳಿದರೆ ಆಶ್ಚರ್ಯ ಬೇಡ. ಆ ಜಾಗಕ್ಕೆ ಇಷ್ಟು ಹೊತ್ತಿಗೆ ಬಂದೆ ಅಂತ ತೋರಿಸಲು ಅಂಗಡಿ ಹೆಸರು, ಸಮಯ ಇರುವ ಬಿಲ್ ಅಥವಾ ಕಾರ್ಡ್ ಮೇಲೆ ಸೀಲು, ಸಹಿ ಅವರಿಗೆ ಬೇಕಾಗುತ್ತೆ.

ಶಾಲೆ ದಾರಿಗೂ ಇದೇ ವಿಧಾನ

ರಾಜ್ಯದಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಗಿದ್ದು 2006–07ರಲ್ಲಿ. ಆವತ್ತಿನಿಂದ ಹಳ್ಳಿ ಮಕ್ಕಳು ಪಕ್ಕದ ಊರಿನ ಹೈಸ್ಕೂಲಿಗೆ ಸೈಕಲ್ ತುಳಿದಿದ್ದಾರೆ, ಈಗಲೂ ಎಷ್ಟೋ ಮಕ್ಕಳು ಹೋಗುತ್ತಾರೆ. ಹವ್ಯಾಸಕ್ಕೆ ಹೋಗುವವರು ದಾರಿ ಪರಿಶೀಲಿಸುವ ಹಾಗೆ ಈ ಮಕ್ಕಳ ದಾರಿಯನ್ನೂ ಒಮ್ಮೆ ನೋಡಬಹುದು: ಹೆದ್ದಾರಿ ಎಲ್ಲಿ ದಾಟಬೇಕು, ಅಂಡರ್‌ಪಾಸ್ ಎಷ್ಟು ದೂರ, ನಾಲೆ ಏರಿ ಬಿಟ್ಟು ಬೇರೆ ದಾರಿ ಇದೆಯಾ, ಮಳೆಗಾಲದಲ್ಲಿ ಯಾವ ಹಳ್ಳ ತುಂಬುತ್ತೆ. ಶಾಲಾಭಿವೃದ್ಧಿ ಸಮಿತಿ ಸಭೆಯಲ್ಲಿ ಒಂದು ಮೊಬೈಲ್, ಒಂದು ಹಾಳೆ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ. ತಡೆಗೋಡೆ ಇಲ್ಲದ ಜಾಗದ ಪಟ್ಟಿ ಕೈಯಲ್ಲಿದ್ದರೆ ಪಂಚಾಯಿತಿಗೆ ಅರ್ಜಿ ಕೊಡಲೂ ಆಧಾರ ಸಿಗುತ್ತೆ.

ಹೊರಡುವ ಮುನ್ನ ಒಮ್ಮೆ ನೋಡಿ

1. ಗೆರೆಯನ್ನು ಮೊದಲಿಂದ ಕೊನೆವರೆಗೆ ಝೂಮ್ ಮಾಡಿ ಉಪಗ್ರಹ ಚಿತ್ರದ ಮೇಲೆ ಓಡಿಸಿ. ಎಕ್ಸ್‌ಪ್ರೆಸ್‌ವೇ, ನಾಲೆ ಏರಿ, ಹೊಲದ ದಾರಿ ಎಲ್ಲಾದರೂ ಸೇರಿದೆಯಾ?

2. ಹೊಸ ದಾರಿಯಾದರೆ ಮೊದಲು ಯಾರಾದರೂ ಒಬ್ಬರು ಬೈಕ್‌ನಲ್ಲಿ ಹೋಗಿ ಬನ್ನಿ. ಗುರುತು, ದೂರ ಎರಡನ್ನೂ ತಿದ್ದಿಕೊಳ್ಳಿ.

3. ವಾಪಸ್ ಬರುವ ದಾರಿಗೆ ಬೇರೆ ಕ್ಯೂ ಶೀಟ್ ಬರೆಯಿರಿ. ಹೋಗುವಾಗಿನ ಎಡ ಬರುವಾಗ ಬಲ ಆಗುತ್ತೆ, ಗುರುತುಗಳೂ ಬೇರೆ ಕಡೆಯಿಂದ ಕಾಣುತ್ತವೆ. ದಣಿದ ತಲೆಗೆ ತಿರುಗಾಮುರುಗಾ ಲೆಕ್ಕ ಹೊಳೆಯಲ್ಲ.

4. ಸಮಯದ ಲೆಕ್ಕ ಹಾಕಿ. ಗಂಟೆಗೆ 15 ಕಿ.ಮೀ.ನಂತೆ 70 ಕಿ.ಮೀ.ಗೆ 4 ಗಂಟೆ 40 ನಿಮಿಷ. ತಿಂಡಿ, ದರ್ಶನ, ವಿಶ್ರಾಂತಿಗೆ ಒಂದೂವರೆ ಗಂಟೆ ಸೇರಿಸಿದರೆ ಬೆಳಿಗ್ಗೆ 6ಕ್ಕೆ ಹೊರಟವರು ವಾಪಸ್ ಬರುವಾಗ ಮಧ್ಯಾಹ್ನ 12 ದಾಟಿರುತ್ತೆ. ಬೇಸಿಗೆಯಲ್ಲಿ 5ಕ್ಕೇ ಹೊರಡಿ, ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲಿ.

5. ಬಂದ ಮೇಲೆ ಮ್ಯಾಪ್‌ನಲ್ಲಿ ಕಂಡ ತಪ್ಪನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿದ್ದಿ. ಆ ಏರಿ ಮಣ್ಣು ದಾರಿ, ಈ ಸೇತುವೆ ಮುಚ್ಚಿದೆ, ಇಲ್ಲಿ ಸೈಕಲ್‌ಗೆ ಅವಕಾಶ ಇಲ್ಲ ಅಂತ ಒಂದು ಗುರುತು ಹಾಕಿದರೆ ಮುಂದಿನ ವಾರ ದಾರಿ ಹುಡುಕುವ ಇನ್ನೊಬ್ಬರನ್ನು ಸಾಫ್ಟ್‌ವೇರ್ ಆ ಕಡೆ ಕಳಿಸುವ ಸಾಧ್ಯತೆ ಕಡಿಮೆ.